ಮಳೆಹನಿಗೆ ಎದುರಾಗಿ ಓಡುವ ಅಲಗು

ಮಾಗಳದ ಸೂರ್ಯನಾರಾಯಣ ದೇವಸ್ಥಾನದ್ದು ಉಳಿಗೆ ಸಲೀಸಾಗಿ ಒಲಿಯುವ ಮೆತ್ತನೆಯ ಬಳಪದ ಕಲ್ಲು. ಕಲ್ಯಾಣ ಚಾಲುಕ್ಯರ ಕಾಲದಿಂದ ತುಂಗಭದ್ರೆ ದಂಡೆಯ ಮುಂಗಾರು, ಹಿಂಗಾರುಗಳೆಲ್ಲ ಅದರ ಮೇಲೆ ಸುರಿದಿವೆ. ಕೆತ್ತನೆ ಇನ್ನೂ ಉಳಿದಿದೆ. ಅತ್ತ ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಗಾಳಿ ವಿದ್ಯುತ್ತಿನ ಯಂತ್ರಗಳು ನಿಂತಿವೆ. ಜನರ ಬಾಯಲ್ಲಿ ಅವು ಬರೀ ‘ಫ್ಯಾನು’. ಗಾಜಿನ ನಾರು, ರಾಳ ಸೇರಿಸಿ ಮಾಡಿದ ಇಂಥ ಅಲಗಿನ ಅಂಚನ್ನು ಮಳೆ ಕೆಲವೇ ವರ್ಷಗಳಲ್ಲಿ ತರಚಿ ಹಾಕಬಲ್ಲದು.

ಹನಿ ಅದೇ. ಎರಡು ಮಿಲಿಮೀಟರಿನ ಹನಿ ಎಷ್ಟು ಎತ್ತರದಿಂದ ಬಿದ್ದರೂ ಗಾಳಿಯ ತಡೆಯಿಂದ ಸೆಕೆಂಡಿಗೆ ಸುಮಾರು 6.5 ಮೀಟರಿಗಿಂತ ಜೋರಾಗದು. ರೋಹಿಣಿ ಮಳೆಯ ದಪ್ಪ ಹನಿಯೂ 9 ಮೀಟರಿನ ಆಸುಪಾಸಿನಲ್ಲೇ. ಕೂಡ್ಲಿಗಿಯ ಕೆಂಪು ಹೊಲದ ಮಣ್ಣನ್ನು ಸಿಡಿಸಿ, ಮೇಲ್ಪದರ ಗಟ್ಟಿಮಾಡಿ, ಮೊಳಕೆಗೆ ತೊಡಕಾಗಲು ಅಷ್ಟು ಸಾಕು. ಕಲ್ಲಿಗೆ ಸಾಲದು. ಫ್ಯಾನಿನ ಲೆಕ್ಕ ಬೇರೆ. 50 ಮೀಟರ್ ಉದ್ದದ ಅಲಗು ನಾಲ್ಕು ಸೆಕೆಂಡಿಗೊಂದು ಸುತ್ತು ಹಾಕಿದರೆ ನೋಡುವವರಿಗೆ ಸೋಮಾರಿ ತಿರುಗಾಟ. ತುದಿ ಮಾತ್ರ ಗಂಟೆಗೆ 280 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಹನಿ ಬಂದು ಬಡಿಯುವುದಕ್ಕಿಂತ ಅಲಗೇ ಹೋಗಿ ಹನಿಗೆ ಡಿಕ್ಕಿ ಹೊಡೆಯುತ್ತದೆ ಎನ್ನಬೇಕು. ವೇಗ ಹನ್ನೆರಡು ಪಟ್ಟಾದರೆ ಪೆಟ್ಟಿನ ಶಕ್ತಿ ನೂರೈವತ್ತು ಪಟ್ಟಿನ ಹತ್ತಿರ.

ಆ ಡಿಕ್ಕಿಯ ಮೊದಲ ಗಳಿಗೆಯಲ್ಲೇ ಎಲ್ಲ ಇದೆ. ನೀರಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗುವುದಿಲ್ಲ. ಹರಿಯಲಾಗದ ನೀರು ಇದ್ದಲ್ಲೇ ಅದುಮಿಕೊಂಡು ಗಟ್ಟಿ ವಸ್ತುವಿನಂತೆ ಎದುರು ನಿಲ್ಲುತ್ತದೆ. ನೀರಿನ ಸಾಂದ್ರತೆ, ಅದರೊಳಗೆ ಶಬ್ದ ಸಾಗುವ ವೇಗ, ಡಿಕ್ಕಿಯ ವೇಗ ಮೂರನ್ನೂ ಗುಣಿಸಿದರೆ ಒತ್ತಡ ವಾತಾವರಣದ ಸಾವಿರ ಪಟ್ಟು ಮೀರುತ್ತದೆ. ಅದು ಇರುವುದು ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತು. ಒಳಗಿನ ಆಘಾತದ ಅಲೆ ಹನಿಯ ಅಂಚು ತಲುಪಿದ್ದೇ ತಡ, ಸಿಕ್ಕಿಕೊಂಡಿದ್ದ ನೀರು ಡಿಕ್ಕಿಯ ವೇಗಕ್ಕಿಂತ ಹಲವು ಪಟ್ಟು ರಭಸದಿಂದ ಪಕ್ಕಕ್ಕೆ ಚಿಮ್ಮಿ, ಮೊದಲೇ ಬಿದ್ದಿದ್ದ ಸಣ್ಣ ಬಿರುಕುಗಳನ್ನು ಕೆದಕುತ್ತದೆ.

ಇದು ಮೊದಲು ಕಾಡಿದ್ದು ಉಗಿ ಯಂತ್ರದವರನ್ನು. ಕುಡತಿನಿಯಂಥ ಉಷ್ಣ ಸ್ಥಾವರಗಳ ಟರ್ಬೈನಿನಲ್ಲಿ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಉಗಿ ತೇವವಾಗಿ ಹನಿಗಟ್ಟುತ್ತದೆ. ಆ ಹನಿಗಳು ಉಕ್ಕನ್ನೇ ತಿನ್ನುತ್ತವೆ. 1928ರಲ್ಲಿ ಎಂಜಿನಿಯರ್ ಎಸ್.ಎಸ್. ಕುಕ್ ಈ ಸವೆತವನ್ನು ಮೇಲೆ ಹೇಳಿದ ಗುಣಾಕಾರದಿಂದಲೇ, ಅಂದರೆ ನೀರಿನ ಸುತ್ತಿಗೆ ಪೆಟ್ಟಿನ ಲೆಕ್ಕದಿಂದ ವಿವರಿಸಿದ್ದ.

ಪೀಡೆಯೆಂದರೆ ಇದು ಹೇಳಿ ಬರುವ ಜಾತಿಯದಲ್ಲ. ಬಹಳ ಕಾಲ ಅಲಗಿನ ಮೇಲೆ ಏನೂ ಕಾಣುವುದಿಲ್ಲ, ಒಳಗೊಳಗೇ ದಣಿವು ಸೇರುತ್ತಿರುತ್ತದೆ. ಆಮೇಲೆ ಚುಕ್ಕಿ ಗುಳಿಗಳು, ಅವು ಕೂಡಿ ದೊಡ್ಡ ಗಾಯ. ಅಂಚು ಒರಟಾದರೆ ಗಾಳಿ ನುಣ್ಣಗೆ ಜಾರದೆ ವಿದ್ಯುತ್ತು ಕಡಿಮೆಯಾಗುತ್ತದೆ.

ಪಾಲಿಯುರೆಥೇನ್ ಪಟ್ಟಿ ಅಂಟಿಸುವುದು ಚಾಲ್ತಿಯ ಮದ್ದು. ಅದೂ ಸವೆಯುವಂಥದ್ದೇ; ಮತ್ತೆ ಹಗ್ಗ ಕಟ್ಟಿ ಆಳನ್ನು ಇಳಿಬಿಡಬೇಕು. ಡೆನ್ಮಾರ್ಕಿನ ಸಂಶೋಧಕರು ಹೇಳುವ ಉಪಾಯ ನನಗೆ ಹಿಡಿಸಿತು: ದಪ್ಪ ಹನಿ ಸುರಿಯುವಷ್ಟು ಹೊತ್ತು ಅಲಗಿನ ಓಟವನ್ನೇ ತಗ್ಗಿಸುವುದು. ಸವೆತ ವೇಗದ ಹಲವು ಘಾತಗಳಲ್ಲಿ ಏರುವುದರಿಂದ, ವೇಗ ತುಸು ಇಳಿದರೂ ಅಲಗಿನ ಆಯುಸ್ಸು ಬಹಳ ಹೆಚ್ಚುತ್ತದೆ. ಅಂಥ ಮಳೆಯೇ ಅಪರೂಪವಾದ ಈ ಬಯಲುಸೀಮೆಯಲ್ಲಿ ಅದರಿಂದ ತಪ್ಪುವ ಯೂನಿಟ್ಟುಗಳು ಎಷ್ಟಾದಾವು?