ದೊಡ್ಡ ಟಿ.ವಿ.ಯೂ ಪಶ್ಚಿಮದ ಗೋಡೆಯೂ

ಇಶಾ ನಮಾಝ್ ಮುಗಿದು ಜನರು ಚದುರಿದ ಮೇಲೆ ಸಹೋದರರೊಬ್ಬರು ಮಸೀದಿಯ ಮೆಟ್ಟಿಲ ಬಳಿ ನನಗಾಗಿ ಕಾದು ನಿಂತಿದ್ದರು. "ಉಸ್ತಾದರೇ, ಒಂದು ವಿಷಯ ಕೇಳಬೇಕಿತ್ತು. ಹಳೆಯ 32 ಇಂಚಿನ ಟಿ.ವಿ. ಕೆಟ್ಟಿದೆ. ಹೊಸದು ತರಬೇಕೆಂದಿದ್ದೇವೆ. 43 ಇಂಚು ಸಾಕೆಂದು ನಾನು, 55 ಇಂಚೇ ಬೇಕೆಂದು ಮಕ್ಕಳು. ನೀವೇನು ಹೇಳುತ್ತೀರಿ?"

ಓದುಗ ಬಂಧುಗಳೇ, ನಮ್ಮ ಹಿರಿಯರ ಕಾಲದಲ್ಲಿ ಪ್ರಶ್ನೆ ಬೇರೆಯಿತ್ತು. 1982ರ ದಿಲ್ಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಪ್ರಸಾರ ಬಂದಾಗಲೂ, 90ರ ದಶಕದಲ್ಲಿ ಕೇಬಲ್ ಬಂದಾಗಲೂ, ಟಿ.ವಿ.ಯನ್ನು ಮನೆಯೊಳಗೆ ತರಬಹುದೇ ಎಂದು ಅವರು ಕೇಳುತ್ತಿದ್ದರು. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿತ್ತು. ಕೆಲವರು ಪೂರ್ತಿಯಾಗಿ ತಡೆದರು. ಅದೊಂದು ಉಪಕರಣ, ಅದರಲ್ಲಿ ಏನನ್ನು ನೋಡುತ್ತೇವೆ ಎಂಬುದರ ಮೇಲೆ ಅದರ ವಿಧಿ ನಿಂತಿದೆ ಎಂದು ಇತರರು ಹೇಳಿದರು. ಆ ಚರ್ಚೆಯನ್ನು ನಾನಿಲ್ಲಿ ಮತ್ತೆ ಎತ್ತುವುದಿಲ್ಲ. ಈಗ ಉಳಿದಿರುವುದು ಇಂಚಿನ ಲೆಕ್ಕ ಮಾತ್ರ ಎಂದು ನಾವು ಭಾವಿಸಿದ್ದೇವಲ್ಲ, ಅದು ಸರಿಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಮರುದಿನ ಅವರ ಮನೆಗೆ ಹೋದೆ. ಸಾಧಾರಣ ಮನೆ, ಚಿಕ್ಕ ಹಾಲ್. "ಎಲ್ಲಿ ತೂಗು ಹಾಕುತ್ತೀರಿ?" ಎಂದು ಕೇಳಿದೆ. ಅವರು ಪಶ್ಚಿಮದ ಗೋಡೆಯನ್ನು ತೋರಿಸಿದರು. ಕಿಟಕಿ ಬಾಗಿಲುಗಳಿಲ್ಲದ ಉದ್ದದ ಗೋಡೆ ಅದೊಂದೇ. ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮಡಚಿಟ್ಟ ಮುಸಲ್ಲಾ. ಮೊಣಕಾಲು ನೋವಿನಿಂದ ನೆಲಕ್ಕೆ ಬಾಗಲಾಗದ ಅವರ ಉಮ್ಮ ಐದು ಹೊತ್ತು ನಮಾಝ್ ಮಾಡುವ ಜಾಗ ಅದು. ನಮ್ಮ ನಾಡಿನಲ್ಲಿ ಕಿಬ್ಲಾ ಪಶ್ಚಿಮದಿಂದ ತುಸು ಉತ್ತರಕ್ಕಿದೆ ಎಂಬುದು ನಿಮಗೆ ಗೊತ್ತೇ ಇದೆ.

"ಹಾಗಾದರೆ ಉಮ್ಮ?" ಎಂದೆ.

"ಒಳಗಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಟ್ಟರಾಯಿತು" ಎಂದರು ಅವರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ತಾಯಿ ನಗುತ್ತಲೇ ಹೇಳಿದರು: "ನನಗೆ ಎಲ್ಲಾದರೂ ಆಗುತ್ತದೆ ಮಗಾ. ಮಕ್ಕಳಿಗೆ ಖುಷಿಯಾಗಲಿ."

ಆ ಮಾತು ಕೇಳಿ ನನಗೆ ಮಾತು ಹೊರಡಲಿಲ್ಲ. ಮಗನಿಗೂ ಹಾಗೆಯೇ ಆಯಿತೆಂದು ಅವರ ಮುಖ ಹೇಳುತ್ತಿತ್ತು.

ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಆಯಿಶಾ(ರ)ರ ವರದಿಯೊಂದಿದೆ. ಅವರ ಮನೆಯಲ್ಲಿ ಹಕ್ಕಿಯ ಚಿತ್ರವಿದ್ದ ಒಂದು ಪರದೆಯಿತ್ತು. ಒಳಗೆ ಬಂದವರಿಗೆ ಎದುರಿಗೆ ಕಾಣುತ್ತಿದ್ದುದು ಅದೇ. ಪ್ರವಾದಿವರ್ಯರು(ಸ) ಅದನ್ನು ಅಲ್ಲಿಂದ ಸರಿಸುವಂತೆ ಹೇಳಿದರು. ಮನೆಯೊಳಗೆ ಬಂದು ಅದನ್ನು ಕಂಡಾಗಲೆಲ್ಲ ತಮಗೆ ಇಹಲೋಕದ ನೆನಪಾಗುತ್ತದೆ ಎಂದು ಕಾರಣವನ್ನೂ ಕೊಟ್ಟರು. ಇನ್ನೊಮ್ಮೆ ಅಬೂ ಜಹ್ಮ್(ರ) ಕೊಟ್ಟ ಚಿತ್ತಾರದ ಹೊದಿಕೆಯನ್ನು ಹೊದ್ದು ನಮಾಝ್ ಮಾಡಿದಾಗ ಅವರ ಗಮನ ಚಿತ್ತಾರದ ಕಡೆಗೆ ಹೋಯಿತು. ನಮಾಝ್ ಮುಗಿದೊಡನೆ ಅದನ್ನು ಹಿಂದಕ್ಕೆ ಕಳುಹಿಸಿ, ಅಬೂ ಜಹ್ಮ್‌ರದೇ ಒಂದು ಸಾದಾ ಹೊದಿಕೆಯನ್ನು ತರಿಸಿಕೊಂಡರು. ಇದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಯೋಚಿಸಿ ನೋಡಿ. ಅಲ್ಲಿದ್ದುದು ಬಟ್ಟೆಯ ಮೇಲಿನ ಅಲುಗದ ಹಕ್ಕಿ. ಅದೂ ಆ ಪವಿತ್ರ ಹೃದಯಕ್ಕೆ ಅಡ್ಡ ಬಂತೆಂದಾದರೆ, ಗೋಡೆ ತುಂಬ ಓಡುವ, ಹಾಡುವ, ಕರೆಯುವ ಚಿತ್ರಗಳ ಎದುರು ನಮ್ಮ ದುರ್ಬಲ ಹೃದಯಗಳ ಗತಿಯೇನು? ಅಂಗಡಿಯವರು ಹೇಳುವ ಇಂಚು ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗಿರುವ ಅಳತೆ. 32 ಇಂಚಿನದ್ದು ಸುಮಾರು 71 ಸೆಂಟಿಮೀಟರ್ ಅಗಲವಿದ್ದರೆ 55 ಇಂಚಿನದ್ದು ಸುಮಾರು 122 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ. ವಿಸ್ತೀರ್ಣ ಹೆಚ್ಚುಕಡಿಮೆ ಮೂರು ಪಟ್ಟು. ಅಷ್ಟು ದೊಡ್ಡ ವಸ್ತು ಬಂದರೆ ಸೋಫಾ ಅದರ ಕಡೆ ತಿರುಗುತ್ತದೆ, ಊಟದ ತಟ್ಟೆ ಅದರ ಮುಂದೆ ಬರುತ್ತದೆ, ಮನೆಗೆ ಬಂದ ಅತಿಥಿಯೂ ನಮ್ಮ ಮುಖ ಬಿಟ್ಟು ಅದನ್ನೇ ನೋಡುತ್ತಾನೆ. ಮನೆಯವರೆಲ್ಲ ಮುಖ ಮಾಡಿ ಕೂರುವ ದಿಕ್ಕು ಯಾವುದೋ ಅದೇ ಆ ಮನೆಯ ಕಿಬ್ಲಾ ಆಗಿಬಿಡುವ ಅಪಾಯವಿದೆ.

ಹಾಗೆಂದು ಇಸ್ಲಾಮ್ ಮನೋರಂಜನೆಯ ವೈರಿಯಲ್ಲ. ಈದ್ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟ ಆಡುತ್ತಿದ್ದಾಗ ಪ್ರವಾದಿವರ್ಯರು(ಸ) ಆಯಿಶಾ(ರ)ರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು ತೋರಿಸಿದರು. ಅವರಿಗೆ ಸಾಕೆನಿಸುವ ತನಕ ತಾವೂ ನಿಂತೇ ಇದ್ದರು. ಇಲ್ಲಿ ಎರಡು ಪಾಠಗಳಿವೆ. ಒಳ್ಳೆಯ ಆಟವನ್ನು ನೋಡಿ ಸಂತೋಷಪಡಬಹುದು. ಆದರೆ ಮನೆಯ ಯಜಮಾನ ಜೊತೆಯಲ್ಲಿ ನಿಂತಿರಬೇಕು, ಮತ್ತು ಆ ನೋಟಕ್ಕೆ ಒಂದು ಕೊನೆ ಇರಬೇಕು. ನಮ್ಮಲ್ಲಿ ಮಕ್ಕಳ ಕೈಗೆ ರಿಮೋಟ್ ಕೊಟ್ಟು ಹಿರಿಯರು ಎದ್ದು ಹೋಗುತ್ತಾರೆ. ಅನ್ನೂರ್ ಅಧ್ಯಾಯದ 30 ಮತ್ತು 31ನೇ ಸೂಕ್ತಗಳಲ್ಲಿ ದೃಷ್ಟಿ ತಗ್ಗಿಸಬೇಕೆಂಬ ಆಜ್ಞೆ ವಿಶ್ವಾಸಿ ಪುರುಷರಿಗೂ ಇದೆ, ಸ್ತ್ರೀಯರಿಗೂ ಇದೆ. ಪರದೆ ದೊಡ್ಡದಾದಷ್ಟೂ ಈ ಆಜ್ಞೆಯ ಪಾಲನೆ ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ. ಚಿಕ್ಕ ಮಕ್ಕಳ ವಿಷಯದಲ್ಲಿ ವೈದ್ಯಶಾಸ್ತ್ರವೂ ಎಚ್ಚರಿಸಿದೆ. ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಕೊಟ್ಟಿದೆ.

ಇನ್ನು ಹಣದ ಮಾತು. "55 ಇಂಚಿನದ್ದಕ್ಕೆ ಬಡ್ಡಿಯಿಲ್ಲದ ಕಂತು ಇದೆಯಂತೆ" ಎಂದು ಅವರ ಹಿರಿಯ ಮಗ ಹೇಳಿದ. ಸಹೋದರರೇ, ಆ ಕಾಗದವನ್ನು ಸಹಿ ಹಾಕುವ ಮುಂಚೆ ಓದಿ. ಅನೇಕ ಬಾರಿ ಅಲ್ಲಿ ಬ್ಯಾಂಕು ಬಡ್ಡಿಯ ಮೇಲೆಯೇ ಸಾಲ ಕೊಡುತ್ತದೆ. ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಇಳಿಸಿ ತೋರಿಸುತ್ತಾರೆ, ಇಲ್ಲವೇ ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ವಸೂಲು ಮಾಡುತ್ತಾರೆ. ಒಂದು ಕಂತು ತಪ್ಪಿದರೆ ಬಡ್ಡಿ ಮುಸುಕು ತೆಗೆದು ಎದುರಿಗೇ ಬರುತ್ತದೆ. ಶೂನ್ಯ ಬಡ್ಡಿಯೆಂಬುದು ಇಲ್ಲ, ಬಡ್ಡಿಯನ್ನು ಶುಲ್ಕದಲ್ಲಿ ಮರೆಮಾಚಲಾಗುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಬಡ್ಡಿಯನ್ನು ಬಿಡದವರ ವಿರುದ್ಧ ಅಲ್ಲಾಹನ ಮತ್ತು ಅವನ ರಸೂಲರ ಕಡೆಯಿಂದ ಯುದ್ಧಘೋಷಣೆ ಇದೆಯೆಂದು ಅಲ್ ಬಕರಃ ಅಧ್ಯಾಯ ಎಚ್ಚರಿಸುವಾಗ, ಒಂದು ಟಿ.ವಿ.ಗಾಗಿ ಆ ಯುದ್ಧವನ್ನು ಮನೆಗೆ ಕರೆಯುವ ಧೈರ್ಯ ನಮಗಿದೆಯೇ? ಅಂಗಡಿಯವನು ತಾನೇ ಒಂದು ಬೆಲೆ ಗೊತ್ತುಮಾಡಿ, ತಡವಾದರೂ ಅದನ್ನು ಏರಿಸದೆ ಕಂತಿನಲ್ಲಿ ಪಡೆದರೆ ಅದು ವ್ಯಾಪಾರ. ಇಲ್ಲವೇ ಹಣ ಕೂಡಿಡಿ. ಕಾಯುವುದರಿಂದ ಯಾರಿಗೂ ನಷ್ಟವಿಲ್ಲ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಅಗ್ಗವಾಗಿದೆ, ಆದ್ದರಿಂದ ಕೊಳ್ಳೋಣ ಎಂಬ ಮಾತು ಎಲ್ಲೆಡೆ ಕೇಳಿಬಂತು. ಬೆಲೆ ಇಳಿದ ಮಾತ್ರಕ್ಕೆ ನಮ್ಮ ಅಗತ್ಯ ಏರುವುದಿಲ್ಲ. ದುಂದುಗಾರರು ಶೈತಾನನ ಸಹೋದರರೆಂದು ಬನೀ ಇಸ್ರಾಈಲ್ ಅಧ್ಯಾಯ ಹೇಳುವಾಗ ಅಗ್ಗ-ದುಬಾರಿಯ ಭೇದ ಮಾಡಿಲ್ಲ.

ಬುಖಾರಿಯ ಇನ್ನೊಂದು ವರದಿ ನನ್ನನ್ನು ಬಹಳ ಕಾಡುತ್ತದೆ. ಪ್ರವಾದಿವರ್ಯರು(ಸ) ಮಗಳು ಫಾತಿಮಾ(ರ)ರ ಮನೆಗೆ ಹೋಗಿ, ಬಾಗಿಲಲ್ಲಿ ಅಲಂಕಾರದ ಪರದೆ ಕಂಡು ಒಳಗೆ ಹೋಗದೆ ಹಿಂದಿರುಗಿದರು. ವಿಷಯ ತಿಳಿದ ಮಗಳು, ಅದನ್ನೇನು ಮಾಡಬೇಕೆಂದು ತಂದೆಯೇ ಆದೇಶಿಸಲಿ ಎಂದರು. ಅಗತ್ಯವಿರುವ ಒಂದು ಮನೆಗೆ ಅದನ್ನು ಕಳುಹಿಸಿಕೊಡಲು ಅವರು ಹೇಳಿದರು. ಅಲ್ಲಿ ಅಲಂಕಾರವಾಗಿದ್ದ ಬಟ್ಟೆ ಇನ್ನೊಂದು ಮನೆಯಲ್ಲಿ ಅಗತ್ಯವಾಗಿತ್ತು. 43ಕ್ಕೂ 55ಕ್ಕೂ ಇರುವ ಬೆಲೆಯ ಅಂತರ ನಮ್ಮ ನೆರೆಯಲ್ಲಿ ಯಾರದಾದರೂ ಅಗತ್ಯವಾಗಿರಬಹುದೇ? ತೀರಿಸದ ಸಾಲ, ಸಹೋದರಿಗೆ ಕೊಡದೆ ಉಳಿದ ಪಾಲು, ಬಾಕಿಯಿರುವ ಝಕಾತ್, ಇವು ಟಿ.ವಿ.ಗಿಂತ ಮುಂಚೆ ಲೆಕ್ಕಕ್ಕೆ ಬರಬೇಕು.

ಇಷ್ಟೆಲ್ಲ ಹೇಳುವ ನನ್ನ ಮನೆಯಲ್ಲಿ ದೊಡ್ಡ ಟಿ.ವಿ. ಇಲ್ಲ ನಿಜ. ಆದರೆ ಅಂಗೈಯಗಲದ ಮೊಬೈಲ್ ಇದೆ. ಅದನ್ನು ನೋಡುತ್ತ ಮಲಗುವುದು ತಡವಾಗಿ ಸುಬ್‌ಹಿ ಜಮಾಅತ್ ತಪ್ಪಿದ ದಿನ ನನ್ನ ಬದುಕಿನಲ್ಲೂ ಬಂದಿದೆ. ಹಾಗಾಗಿ ಇಂಚುಗಳ ಮೇಲೆ ತಕ್ವಾವನ್ನು ಅಳೆಯುವ ಅಧಿಕಾರ ನನಗಿಲ್ಲ. ನಾಳೆ ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಬಗ್ಗೆ ವಿಚಾರಣೆಯಿದೆ ಎಂದು ಕುರ್‌ಆನ್ ಹೇಳಿದೆ. ಆ ವಿಚಾರಣೆಗೆ ಚಿಕ್ಕ ಪರದೆಯವನೂ ನಿಲ್ಲಬೇಕು.

ಆದರೂ ಟಿ.ವಿ. ಕೊಳ್ಳಲು ಹೊರಡುವ ಮನೆಯವರು ಒಮ್ಮೆ ಒಟ್ಟಿಗೆ ಕುಳಿತು ಮಾತಾಡಿಕೊಳ್ಳಿ. ಯಾವ ಗೋಡೆ? ಯಾವ ಹಣ? ಅಝಾನ್ ಕೇಳಿದಾಗ ಆರಿಸುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಇಂಚಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.

ಆ ಸಹೋದರರು ಎರಡು ತಿಂಗಳು ಕಾದು, ಕೈಯಲ್ಲಿದ್ದ ಹಣಕ್ಕೆ 43 ಇಂಚಿನದ್ದನ್ನೇ ತಂದರು. ದಕ್ಷಿಣದ ಗೋಡೆಯಲ್ಲಿ, ಕಿಟಕಿಯ ಪಕ್ಕದ ಜಾಗದಲ್ಲಿ ಹಾಕಿದ್ದಾರೆ. ಹಗಲಲ್ಲಿ ಬೆಳಕು ಬಿದ್ದು ಸರಿಯಾಗಿ ಕಾಣುವುದಿಲ್ಲವೆಂದು ಮಕ್ಕಳ ದೂರು ಇನ್ನೂ ನಿಂತಿಲ್ಲ. ಉಮ್ಮನ ಕುರ್ಚಿ ಮಾತ್ರ ಇದ್ದಲ್ಲೇ ಇದೆ.

ನಮ್ಮ ಮನೆಗಳಲ್ಲಿ ತನ್ನ ಸ್ಮರಣೆಗೆ ಒಂದು ಗೋಡೆಯನ್ನಾದರೂ ಅಲ್ಲಾಹನು ಉಳಿಸಿಕೊಡಲಿ. ನಮ್ಮ ಮತ್ತು ನಮ್ಮ ಮಕ್ಕಳ ಕಣ್ಣುಗಳನ್ನು ಕಾಪಾಡಲಿ. ಆಮೀನ್.