ಹಾಡಿದವಳ ಪಾಲು

ಮಾಡಿದ ಕೆಲಸಕ್ಕೆ ಒಪ್ಪಿಕೊಂಡ ಕೂಲಿಯನ್ನು ಕೈಗಿಟ್ಟ ಮೇಲೆ ಕೊಟ್ಟವನ ಹೊಣೆ ತೀರಿತು ಎಂಬುದು ಲೋಕದ ರೂಢಿ. ಗೋಡೆ ಕಟ್ಟಿದ ಗಾರೆಯವನು ಆ ಮನೆಯ ಬಾಡಿಗೆಯಲ್ಲಿ ಪಾಲು ಕೇಳುವುದಿಲ್ಲ. ಕೇಳಿದರೆ ನಾವು ನಗುತ್ತೇವೆ. ವ್ಯವಹಾರ ನಡೆಯಬೇಕಾದರೆ ಇಂಥದೊಂದು ಕಟ್ಟುಪಾಡು ಬೇಕು, ನಿಜ. ಆದರೆ ಕೆಲವು ಕೆಲಸಗಳಲ್ಲಿ ಕೇಳಿದ್ದಕ್ಕಿಂತ ಹೆಚ್ಚಿನದನ್ನು ಒಬ್ಬರು ಕೊಟ್ಟುಬಿಡುವುದುಂಟು. ಕೊಡುವ ಹೊತ್ತಿನಲ್ಲಿ ಕೊಟ್ಟವರಿಗೂ ಪಡೆದವರಿಗೂ ಅದರ ಬೆಲೆ ತಿಳಿದಿರುವುದಿಲ್ಲ. ಆ ಹೆಚ್ಚಿನದು ಯಾರದು? ಕೂಲಿಯ ಲೆಕ್ಕ ಮುಗಿದ ಮೇಲೂ ಉಳಿಯುವ ಋಣವೆಂಬುದು ಇದೆಯೆ? ಬರಿಯ ತರ್ಕದಿಂದ ಈ ಪ್ರಶ್ನೆಯನ್ನು ಬಿಡಿಸುವುದಕ್ಕಿಂತ ನಡೆದ ಪ್ರಸಂಗವೊಂದನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ನಾನು ಆರಿಸಿಕೊಂಡಿರುವ ಪ್ರಸಂಗ ನಡೆದದ್ದು 1973ರಲ್ಲಿ, ಲಂಡನ್ನಿನಲ್ಲಿ. ಅದು ಒಂದು ಹಾಡಿಗೆ ಸಂಬಂಧಪಟ್ಟದ್ದು.

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣ ವಾದ್ಯಗಾರರು ಮೂರು ನಿಮಿಷದ ಪ್ರೇಮಗೀತೆಗಳಿಂದ ಬೇಸತ್ತು, ಯೂರೋಪಿನ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ವಿದ್ಯುತ್ ವಾದ್ಯಗಳ ಹೊಸ ನಾದವನ್ನೂ ಬೆರೆಸಿ ದೀರ್ಘವಾದ ರಚನೆಗಳನ್ನು ಮಾಡತೊಡಗಿದರು. ಅದಕ್ಕೆ ಪ್ರೋಗ್ರೆಸಿವ್ ರಾಕ್ ಎಂಬ ಹೆಸರಾಯಿತು. ಈ ಪಂಥದ ಮುಂದಾಳುಗಳಲ್ಲಿ ಪಿಂಕ್ ಫ್ಲಾಯ್ಡ್ ಎಂಬ ತಂಡವೂ ಒಂದು. ರೋಜರ್ ವಾಟರ್ಸ್, ಡೇವಿಡ್ ಗಿಲ್ಮರ್, ನಿಕ್ ಮೇಸನ್, ರಿಚರ್ಡ್ ರೈಟ್ ಎಂಬ ನಾಲ್ವರು ಆಗ ಅದರಲ್ಲಿದ್ದರು. ಇವರು ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮುದ್ರಿಸಿ 1973ರ ಮಾರ್ಚಿಯಲ್ಲಿ ಹೊರತಂದ ಎಲ್.ಪಿ. ತಟ್ಟೆಯೇ 'ದ ಡಾರ್ಕ್ ಸೈಡ್ ಆಫ್ ದ ಮೂನ್'. ಕಾಲ, ಹಣ, ಹುಚ್ಚು, ಸಾವು, ಮನುಷ್ಯನನ್ನು ಹಿಂಡುವ ಇಂಥವೇ ಅದರ ವಸ್ತು.

ಸಾವಿನ ಭಾಗಕ್ಕೆ ರೈಟ್ ಹೊಂದಿಸಿದ್ದು ಮಾತಿಲ್ಲದ ಒಂದು ಸ್ವರಮೇಳದ ಸರಣಿ. 1972ರ ಕಚೇರಿಗಳಲ್ಲಿ ಅದನ್ನು ನುಡಿಸುವಾಗ ಬೈಬಲ್ಲಿನ ವಾಚನವನ್ನೂ ಮಾಲ್ಕಂ ಮಗರಿಜ್ ಎಂಬ ಪತ್ರಕರ್ತರ ಮಾತುಗಳನ್ನೂ ಮುದ್ರಿಸಿಕೊಂಡು ಹಿನ್ನೆಲೆಯಲ್ಲಿ ಕೇಳಿಸುತ್ತಿದ್ದರು. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ರೈಟ್ ಪಿಯಾನೋದ ಮೇಲೆ ನುಡಿಸಿದ್ದು ಸೊಗಸಾಗಿಯೇ ಇತ್ತು. ಆದರೆ ಅದರ ಮೇಲೆ ಏನೋ ಬೇಕಾಗಿತ್ತು. ಏನು ಬೇಕೆಂದು ಹೇಳಲು ನಾಲ್ವರಿಗೂ ತಿಳಿಯದು. ಕೊನೆಗೆ ಹೆಣ್ಣುದನಿಯೊಂದನ್ನು ಹಾಕಿ ನೋಡೋಣವೆಂದು ಯೋಚಿಸಿದಾಗ, ಧ್ವನಿಮುದ್ರಣದ ಇಂಜಿನಿಯರ್ ಅಲನ್ ಪಾರ್ಸನ್ಸ್ ತಾವು ಮೊದಲೇ ಕೇಳಿದ್ದ ಕ್ಲೇರ್ ಟೋರಿ ಎಂಬಾಕೆಯ ಹೆಸರನ್ನು ಸೂಚಿಸಿದರು.

ಟೋರಿಗೆ ಆಗ ಇಪ್ಪತ್ತೈದು ವಯಸ್ಸು. ಕರೆದಲ್ಲಿಗೆ ಹೋಗಿ ಹಾಡಿ ದಿನದ ಸಂಭಾವನೆ ಪಡೆಯುವ ಗಾಯಕಿ. 1973ರ ಜನವರಿಯ ಒಂದು ಭಾನುವಾರ ಆಕೆ ಸ್ಟುಡಿಯೋಗೆ ಬಂದರು. ಅಂದಿನ ಸಂಭಾವನೆ ಮೂವತ್ತು ಪೌಂಡು. ಭಾನುವಾರವಾದ್ದರಿಂದ ಇಮ್ಮಡಿ ದರ. ಇದು ಹುಟ್ಟು ಸಾವುಗಳ ವಿಷಯ, ಮಾತು ಬೇಡ, ಏನಾದರೂ ಹಾಡಿ ನೋಡಿ ಎಂಬಷ್ಟೇ ಆಕೆಗೆ ಸಿಕ್ಕ ಸೂಚನೆ. ಮೊದಲು ಆಕೆ ರಾಕ್ ಹಾಡುಗಳಲ್ಲಿ ರೂಢಿಯಾಗಿದ್ದ ಉದ್ಗಾರಗಳನ್ನು ಸೇರಿಸಿ ಹಾಡಿದರು, ಅದು ಬೇಡವೆಂದರು. ಆಗ ಆಕೆಗೆ ತನ್ನ ಕಂಠವನ್ನು ಒಂದು ವಾದ್ಯವೆಂದೇ ತಿಳಿದು ಹಾಡಬೇಕೆಂದು ತೋಚಿತು. ಎರಡು ಬಾರಿ ಪೂರ್ತಿಯಾಗಿ ಹಾಡಿದರು. ಮೂರನೆಯ ಸಲ ಹಾಡಿದ್ದನ್ನೇ ಹಾಡುತ್ತಿದ್ದೇನೆಂದು ಅನಿಸಿ ಅರ್ಧಕ್ಕೆ ನಿಲ್ಲಿಸಿದರು. ಇದನ್ನು ಇವರು ಬಳಸಿಕೊಳ್ಳಲಾರರೆಂದೇ ತಿಳಿದು ಹೊರಟುಹೋದರು. ತನ್ನ ಕಂಠ ಆ ತಟ್ಟೆಯಲ್ಲಿದೆಯೆಂಬುದು ಆಕೆಗೆ ಗೊತ್ತಾದದ್ದು ಅಂಗಡಿಯಲ್ಲಿ ಅದರ ಹೊದಿಕೆಯ ಮೇಲೆ ತನ್ನ ಹೆಸರನ್ನು ಕಂಡಾಗ.

'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಎಂದು ಆ ಹಾಡಿಗೆ ಹೆಸರಿಟ್ಟರು. ಆಕಾಶದಲ್ಲಿ ನಡೆಯುವ ಮಹಾ ಕಚೇರಿ ಎಂದು ಅರ್ಥಮಾಡಿಕೊಳ್ಳಬಹುದು. ಐದು ನಿಮಿಷಕ್ಕೂ ಕಡಮೆಯ ಹಾಡು. ಪಿಯಾನೋ ಮೆಲ್ಲಗೆ ಹಾದಿ ತೆರೆಯುತ್ತದೆ. ಆಮೇಲೆ ಆ ಕಂಠ ಮೊದಲು ಸಾವಿನೆದುರು ಚೀರುತ್ತದೆ, ಸೆಣಸುತ್ತದೆ, ಕೊನೆಗೆ ತಣ್ಣಗಾಗಿ ಒಪ್ಪಿಕೊಳ್ಳುತ್ತದೆ. ಒಂದು ಶಬ್ದವೂ ಇಲ್ಲದೆ ಇಷ್ಟನ್ನು ಹೇಳಿರುವುದು ನನಗಂತೂ ಸೋಜಿಗವೆನಿಸುತ್ತದೆ. ತಟ್ಟೆ ಲೋಕದಾದ್ಯಂತ ನಾಲ್ಕು ಕೋಟಿಗೂ ಮೀರಿ ಮಾರಾಟವಾಯಿತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 1988ರ ಹೊತ್ತಿಗೆ ಅದು ಒಟ್ಟು 741 ವಾರ ನಿಂತಿತ್ತು. ಗಾಯಕಿಯೆಂದು ಟೋರಿಯ ಹೆಸರು ಮೊದಲಿಂದಲೂ ಇತ್ತು. ಆದರೆ ಹಾಡಿನ ಕರ್ತೃವೆಂದು ಇದ್ದದ್ದು ರೈಟ್ ಒಬ್ಬರ ಹೆಸರೇ. ಕರ್ತೃವಿಗೆ ಗೌರವಧನ ವರ್ಷವರ್ಷವೂ ಸಲ್ಲುತ್ತದೆ. ಗಾಯಕಿಗೆ ಸಂದದ್ದು ಆ ಮೂವತ್ತು ಪೌಂಡು.

2004ರಲ್ಲಿ ಟೋರಿ ತಾನೂ ಆ ರಚನೆಯ ಕರ್ತೃಗಳಲ್ಲೊಬ್ಬಳೆಂದು ದಾವೆ ಹೂಡಿದರು. 2005ರಲ್ಲಿ ಹೈಕೋರ್ಟಿನ ವಿಚಾರಣೆಗೆ ಮೊದಲೇ ರಾಜಿಯಾಯಿತು. ರಾಜಿಯ ಷರತ್ತುಗಳನ್ನು ಬಹಿರಂಗಪಡಿಸಲಿಲ್ಲ. ಆದರೆ ಅಲ್ಲಿಂದ ಮುಂದೆ ಬಂದ ಮುದ್ರಣಗಳಲ್ಲಿ ರಿಚರ್ಡ್ ರೈಟ್, ಕ್ಲೇರ್ ಟೋರಿ ಎಂದು ಎರಡು ಹೆಸರುಗಳಿವೆ. ನ್ಯಾಯಾಲಯ ತೀರ್ಪು ಹೇಳಲಿಲ್ಲವಾದ್ದರಿಂದ ಪ್ರಶ್ನೆ ನಮ್ಮ ಪಾಲಿಗೆ ಉಳಿದಿದೆ.

ಆಕೆಯ ವಿರುದ್ಧ ಹೇಳಬಹುದಾದ ಮಾತುಗಳು ಹಗುರವಾದವಲ್ಲ. ಒಪ್ಪಂದವೆಂದರೆ ವಚನ. ಲಾಭ ಬಂತೆಂದು ಅದನ್ನು ಬಿಚ್ಚುವುದಾದರೆ, ನಷ್ಟ ಬಂದಿದ್ದರೆ ಟೋರಿ ಮೂವತ್ತು ಪೌಂಡನ್ನು ಹಿಂದಕ್ಕೆ ಕೊಡುತ್ತಿದ್ದರೆ? ನಷ್ಟದ ಭಯವನ್ನು ಹೊತ್ತವರು ಬೇರೆ, ಪಾಲು ಕೇಳುವವರು ಬೇರೆ ಆಗಬಹುದೆ? ಇನ್ನೊಂದು ಮಾತು: ಆ ಹಾಡಿನಲ್ಲಿ ಸಾವಿಗೆ ತನಗೆ ಭಯವಿಲ್ಲವೆನ್ನುವ ಗಂಡಸಿನ ದನಿಯೊಂದು ಕೇಳುತ್ತದೆ. ಅದು ಆ ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಐರ್ಲೆಂಡಿನವನದು. ವಾಟರ್ಸ್ ಕಾರ್ಡುಗಳ ಮೇಲೆ ಪ್ರಶ್ನೆಗಳನ್ನು ಬರೆದು ಅಲ್ಲಿದ್ದವರಿಂದ ಉತ್ತರ ಹೇಳಿಸಿ ಮುದ್ರಿಸಿಕೊಂಡಿದ್ದರು. ಹಾಗಾದರೆ ಅವನೂ ಕರ್ತೃವೆ? ಟೋರಿ ಹಾಡಿದ ಸರದಿಗಳಿಂದ ಒಳ್ಳೆಯ ಭಾಗಗಳನ್ನು ಆಯ್ದು ಜೋಡಿಸಿದವರೂ ಕರ್ತೃಗಳೆ? ಹೀಗೆ ಹೊರಟರೆ ಕೊನೆಯೆಲ್ಲಿ?

ಕೊನೆ ಇದೆ ಎಂದು ನನ್ನ ಭಾವನೆ. ಕೆಲಸ ಹೇಳುವವನ ಸೂಚನೆ ಎಲ್ಲಿಯವರೆಗೆ ಹೋಗುತ್ತದೆಯೋ ಅಲ್ಲಿಯವರೆಗೆ ಮಾಡುವವನದು ಕೂಲಿ. ಸೂಚನೆ ಮುಗಿದು ಮಾಡುವವನು ತನ್ನೊಳಗಿನಿಂದಲೇ ತೆಗೆದು ಕೊಡಬೇಕಾದಲ್ಲಿ ಕರ್ತೃತ್ವ ಮೊದಲಾಗುತ್ತದೆ. ಗಾರೆಯವನ ಕೈಯಲ್ಲಿ ನಕ್ಷೆಯಿದೆ. ಬಾಗಿಲು ಕಾಯುವವನ ಮುಂದೆ ಪ್ರಶ್ನೆಯಿದೆ. ಅವನ ಮಾತು ಸತ್ಯವಾದದ್ದು, ಆದರೆ ಅದರಿಂದ ಹಾಡಿನ ಕಟ್ಟಡ ನಿಂತಿಲ್ಲ. ಟೋರಿಯ ಮುಂದೆ ಇದ್ದದ್ದು ಪಿಯಾನೋದ ಹಾದಿ ಮಾತ್ರ. ಯಾವ ಸ್ವರ, ಎಷ್ಟು ಹೊತ್ತು, ಎಲ್ಲಿ ಏರಿಕೆ, ಎಲ್ಲಿ ಇಳಿಕೆ, ಒಂದನ್ನೂ ಯಾರೂ ಹೇಳಿರಲಿಲ್ಲ. ಹೇಳಲು ಅವರಿಗೂ ತಿಳಿದಿರಲಿಲ್ಲ. ಆದ್ದರಿಂದಲೇ ಆಕೆಯನ್ನು ಕರೆಸಿದ್ದು.

ನಮ್ಮ ಸಂಗೀತದಲ್ಲಿ ಕಲ್ಪಿತ, ಮನೋಧರ್ಮ ಎಂದು ಭೇದ ಮಾಡುತ್ತೇವೆ. ಕೀರ್ತನೆ ವಾಗ್ಗೇಯಕಾರನದು, ಆಲಾಪನೆ ಹಾಡುವವರದು. ಆಲಾಪನೆ ಆ ಸಂಜೆಯೊಂದಿಗೇ ಮುಗಿಯುತ್ತಿತ್ತು. ಅದಕ್ಕೆ ಸಂಭಾವನೆಯೇ ಸಾಕಾಗಿತ್ತು. ಧ್ವನಿಮುದ್ರಣ ಬಂದ ಮೇಲೆ ಲೆಕ್ಕ ಬೇರೆಯಾಯಿತು. ಯಂತ್ರ ಮನೋಧರ್ಮವನ್ನು ಹಿಡಿದು ನಿಲ್ಲಿಸಿ ಅದನ್ನೇ ಕೃತಿಯಾಗಿ ಮಾಡಿಬಿಡುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಪಿಂಕ್ ಫ್ಲಾಯ್ಡ್ ತಂಡದ 1994ರ ಪ್ರವಾಸವನ್ನು ನೋಡಬಹುದು. ಆ ಹಾಡನ್ನು ವೇದಿಕೆಯ ಮೇಲೆ ಮೂವರು ಗಾಯಕಿಯರು ಹಂಚಿಕೊಂಡು ಹಾಡಿದರು. ಅವರು ತಮಗೆ ತೋಚಿದ್ದನ್ನು ಹಾಡಲಿಲ್ಲ. ಟೋರಿ ಅಂದು ಹಾಡಿದ್ದನ್ನು ಕಲಿತು ಹಾಡಿದರು. ಕಲಿತು ಹಾಡಬೇಕಾದದ್ದು ರಚನೆಯಲ್ಲದೆ ಮತ್ತೇನು?

ಮೂವತ್ತು ವರ್ಷ ಸುಮ್ಮನಿದ್ದು ಈಗೇಕೆ ಕೇಳಬೇಕು ಎಂಬ ಆಕ್ಷೇಪವೂ ಉಂಟು. ಇದಕ್ಕೆ ಇನ್ನೊಂದು ಹಾಡಿನ ವ್ಯಾಜ್ಯ ಬೆಳಕು ಬೀರುತ್ತದೆ. ಪ್ರೊಕಾಲ್ ಹಾರಂ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' 1967ರದು. ಅದರ ಪ್ರಸಿದ್ಧವಾದ ಆರ್ಗನ್ ಭಾಗವನ್ನು ಕಟ್ಟಿ ನುಡಿಸಿದ ಮ್ಯಾಥ್ಯೂ ಫಿಶರ್ ದಾವೆ ಹೂಡಿದ್ದು 2005ರಲ್ಲಿ. 2006ರಲ್ಲಿ ಹೈಕೋರ್ಟು ಸಂಗೀತದ ಹಕ್ಕಿನಲ್ಲಿ ಅವರಿಗೆ ಶೇಕಡ 40 ಪಾಲು ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ, ಕರ್ತೃತ್ವ ನಿಜವಾದರೂ ಇಷ್ಟು ತಡಮಾಡಿದ ಮೇಲೆ ಹಣದ ಪಾಲಿಲ್ಲವೆಂದಿತು. 2009ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಮ್ಮತದಿಂದ ಅದನ್ನು ಬದಲಾಯಿಸಿ ಪಾಲನ್ನು ಉಳಿಸಿಕೊಟ್ಟಿತು. ತಡವಾದದ್ದರಿಂದ ಎದುರು ಪಕ್ಷಕ್ಕೆ ಆದದ್ದು ನಷ್ಟಕ್ಕಿಂತ ಹೆಚ್ಚಾಗಿ ಲಾಭವೇ ಎಂಬುದು ಲಾರ್ಡರ ವಿಚಾರ. ಆ ಆರ್ಗನ್ ಭಾಗಕ್ಕೆ ಬಾಖನ ಸಂಗೀತದ ಛಾಯೆಯಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಪಾಲು ಕೇಳಿದವನೂ ಸಾಲಗಾರನೇ. ಆದರೆ 1750ರಲ್ಲೇ ತೀರಿಕೊಂಡ ಸಾಲಿಗ ನ್ಯಾಯಾಲಯಕ್ಕೆ ಬರುವಂತಿಲ್ಲ.

ನಮ್ಮ ಕವಿಗಳು ಹೆಸರಿಗೆ ಹಂಬಲಿಸಲಿಲ್ಲವಲ್ಲ ಎಂದು ಕನ್ನಡ ಓದಿದವರು ಕೇಳಬಹುದು. ಗದುಗಿನ ಭಾರತದ ಕವಿ ಕಾವ್ಯವನ್ನೆಲ್ಲ ವೀರನಾರಾಯಣನಿಗೆ ಒಪ್ಪಿಸಿ ತಾನು ಬರಿಯ ಬರಹಗಾರನೆಂದುಕೊಂಡ. ತರಗತಿಯಲ್ಲಿ ಇದನ್ನು ವಿನಯವೆಂದು ಹೊಗಳುತ್ತೇವೆ, ಸರಿಯೇ. ಆದರೆ ಅಲ್ಲಿ ಬಿಟ್ಟುಕೊಟ್ಟವನು ತಾನೇ, ಬಿಟ್ಟುಕೊಟ್ಟದ್ದು ತನ್ನದನ್ನೇ. ಇನ್ನೊಬ್ಬರದನ್ನು ಬಿಟ್ಟುಕೊಡುವ ಅಧಿಕಾರ ಯಾರಿಗೂ ಇಲ್ಲ. ತ್ಯಾಗವನ್ನು ತಾನು ಮಾಡಿದರೆ ಗುಣ. ಬೇರೆಯವರ ಮೇಲೆ ಹೇರಿದರೆ ಅದಕ್ಕೆ ಆ ಹೆಸರು ಸಲ್ಲದು.

ರೈಟ್ ಅವರನ್ನಾಗಲಿ ಅವರ ಸಂಗಡಿಗರನ್ನಾಗಲಿ ದುರಾಶೆಯವರೆಂದು ನಾನು ಹೇಳುವುದಿಲ್ಲ. ರೈಟ್ ಹಾಕಿದ ಹಾದಿ ಇಲ್ಲದಿದ್ದರೆ ಆ ಕಂಠ ನಡೆಯಲು ನೆಲವೇ ಇರುತ್ತಿರಲಿಲ್ಲ. ಅವರು ನಡೆದುಕೊಂಡದ್ದು ಆ ವೃತ್ತಿಯ ವಾಡಿಕೆಯಂತೆ. ನನ್ನನ್ನು ಕಾಡುವುದು ಆ ವಾಡಿಕೆಯೇ. ಕಾನೂನು ಕೇಳಿದವರಿಗೆ ಮಾತ್ರ ಕೊಡುತ್ತದೆ. ಕೇಳದೆ ಇದ್ದವರು, ಕೇಳಲು ಹಣವಿಲ್ಲದವರು, ಕೇಳಬಹುದೆಂದೇ ತಿಳಿಯದವರು ಅದರ ಕಣ್ಣಿಗೆ ಬೀಳುವುದಿಲ್ಲ. ಧರ್ಮದ ಮಾತು ಬೇರೆ. ಅದು ಪ್ರಶ್ನೆಯನ್ನು ಹಾಕುವುದು ಕೊಟ್ಟವರಿಗಲ್ಲ, ಪಡೆದವರಿಗೆ. ಮೂವತ್ತು ಪೌಂಡಿಗೆ ಬಂದ ಭಾಗ್ಯ ಎಷ್ಟು ಬೆಳೆಯಿತೆಂಬುದು ಟೋರಿಗಿಂತ ಚೆನ್ನಾಗಿ ಗೊತ್ತಿದ್ದವರು ಲೆಕ್ಕದ ಪುಸ್ತಕ ಇಟ್ಟುಕೊಂಡವರೇ. ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಅವರಲ್ಲಿ ಯಾರಾದರೂ ಆಕೆಯ ಮನೆ ಬಾಗಿಲಿಗೆ ಹೋಗಬಹುದಾಗಿತ್ತು.

ರಿಚರ್ಡ್ ರೈಟ್ 2008ರಲ್ಲಿ ತೀರಿಕೊಂಡರು; ಆ ಹೊತ್ತಿಗೆ ಅವರ ಹೆಸರಿನ ಪಕ್ಕದಲ್ಲಿ ಟೋರಿಯ ಹೆಸರು ಸೇರಿ ಮೂರು ವರ್ಷವಾಗಿತ್ತು. ಎರಡನೆಯ ಹೆಸರು ಬಂದದ್ದರಿಂದ ಮೊದಲನೆಯದರ ಗೌರವ ಕುಂದಿತೆಂದು ಆ ಹಾಡನ್ನು ಕೇಳುವ ಯಾರಿಗೂ ಅನಿಸಿರಲಾರದು. ಇಷ್ಟು ಸುಲಭವಾಗಿದ್ದ ಕೆಲಸಕ್ಕೆ ಮೂವತ್ತೆರಡು ವರ್ಷ ಹಿಡಿಯಿತು.