ಯಂತ್ರದ ಸಡಿಲ
ಆಸ್ಟ್ರಿಯಾದ ಹಾಲೈನ್ ಊರಿನ ಎಮ್ಕೊ, ಇಂಗ್ಲೆಂಡಿನ ಬ್ರಿಗ್‌ಹೌಸ್‌ನ ಡೆನ್‌ಫರ್ಡ್ ಕಂಪನಿಗಳು 1980ರ ದಶಕದಲ್ಲಿ ಮೇಜಿನ ಮೇಲೆ ಕೂರುವಂಥ, ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಪುಟ್ಟ ಸಿಎನ್‌ಸಿ ಮಿಲ್ಲಿಂಗ್ ಯಂತ್ರಗಳನ್ನು ಶಾಲೆಗಳಿಗೂ ತರಬೇತಿ ಕೇಂದ್ರಗಳಿಗೂ ಅಂತಲೇ ಮಾಡಿದವು. ಕಾರ್ಖಾನೆಯ ದೊಡ್ಡ ಯಂತ್ರದ ಮುಂದೆ ನಿಲ್ಲುವ ಮೊದಲು ಹುಡುಗರು ಇವುಗಳ ಮೇಲೆ ಕೈ ಪಳಗಿಸಿಕೊಳ್ಳಲಿ ಎಂಬುದು ಉದ್ದೇಶ. ಎಮ್ಕೊ ಎಫ್1 ತನ್ನ ಪ್ರೋಗ್ರಾಮುಗಳನ್ನು ಕ್ಯಾಸೆಟ್ಟಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಕಾಲ ಸರಿದಂತೆ ಶಾಲೆಗಳು ಅವನ್ನು ಹೊರಗೆ ಹಾಕಿದವು, ಹವ್ಯಾಸಿಗಳು ಅಗ್ಗಕ್ಕೆ ಕೊಂಡು ಮನೆಗೆ ಸಾಗಿಸಿದರು.

ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ತಲೆ. ಕಂಟ್ರೋಲ್ ಪೆಟ್ಟಿಗೆಯ ಕೆಪಾಸಿಟರ್‌ಗಳು ಒಣಗುತ್ತವೆ, ಆ ಕಾಲದ ಚಿಪ್ಪುಗಳು ಸಿಗುವುದಿಲ್ಲ. ಮೈ ಮಾತ್ರ ಗಟ್ಟಿ. ಬೀಡು ಕಬ್ಬಿಣದ ಎರಕ ಮೂವತ್ತು ನಲವತ್ತು ವರ್ಷಕ್ಕೆ ಹಳತಾಗುವುದಿಲ್ಲ. ಒಳ್ಳೆಯ ಯಂತ್ರಗಳ ಜಾರುಮೈಗಳನ್ನು ನೀಲಿ ಹಚ್ಚಿ, ಉಜ್ಜಿ, ಉಬ್ಬಿದ ಚುಕ್ಕೆಗಳನ್ನು ಸ್ಕ್ರೇಪರಿನಿಂದ ಒಂದೊಂದಾಗಿ ಹೆರೆದು ಮಟ್ಟ ಮಾಡುವ ಕೆಲಸ ಎಂಥದ್ದೆಂದು 1953ರಲ್ಲಿ ಶುರುವಾದ ಯಂತ್ರ ತಯಾರಿಕೆಯ ಕಂಪನಿ ಎಚ್‌ಎಂಟಿಯನ್ನು ಕಂಡ ಬೆಂಗಳೂರಿಗೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ತಲೆ ಬದಲಿಸಿ ಮೈ ಉಳಿಸಿಕೊಳ್ಳುವುದು ನ್ಯಾಯವಾದ ಕೆಲಸ. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ ಹುಟ್ಟಿ ಮುಂದೆ ಲಿನಕ್ಸ್‌ಸಿಎನ್‌ಸಿ ಆದ ತಂತ್ರಾಂಶ ಎಲ್ಲರಿಗೂ ಉಚಿತ. 2009ರಲ್ಲಿ ಬಂದ ಜಿಆರ್‌ಬಿಎಲ್ ಎಂಬ ಇನ್ನೊಂದು ತಂತ್ರಾಂಶ ಒಂದು ಆರ್ಡುಯಿನೊ ಬೋರ್ಡಿನ ಮೇಲೇ ಓಡುತ್ತದೆ. ಹೊಸ ತಲೆ ಕೂರಿಸುವುದು ಈಗ ಕಷ್ಟವಲ್ಲ. ಮೈಯನ್ನು ನೋಡುವ ತಾಳ್ಮೆ ಇದೆಯೇ ಎಂಬುದೇ ನನ್ನ ಪ್ರಶ್ನೆ.

ಡಯಲ್ ಗೇಜಿನ ಮೂತಿಯನ್ನು ಟೇಬಲ್ಲಿಗೆ ತಾಗಿಸಿ. ಟೇಬಲ್ಲನ್ನು ಸರಿಸುವ ಸ್ಕ್ರೂವಿನ ಪುಲ್ಲಿಯನ್ನು ಕೈಯಿಂದ ಒಂದು ಕಡೆ ತಿರುಗಿಸಿ, ಮುಳ್ಳು ಓಡುತ್ತದೆ. ಈಗ ಹಿಂದಕ್ಕೆ ತಿರುಗಿಸಿ. ಸ್ಕ್ರೂ ತಿರುಗುತ್ತಿದೆ, ಮುಳ್ಳು ಮಾತ್ರ ಇದ್ದಲ್ಲೇ ಇದೆ. ಇನ್ನೂ ಸ್ವಲ್ಪ ತಿರುಗಿಸಿದ ಮೇಲೆ ಅದು ಕದಲುತ್ತದೆ. ಆ ನಡುವಿನ ಸುಮ್ಮನಿದ್ದ ಹೊತ್ತೇ ಬ್ಯಾಕ್‌ಲ್ಯಾಷ್: ನಟ್ಟು ಸವೆದಿದೆ, ಇಲ್ಲವೇ ತುದಿಯ ಬೇರಿಂಗ್ ಸಡಿಲಾಗಿದೆ. ಒಂದು ಸುತ್ತಿಗೆ 200 ಹೆಜ್ಜೆ ಇಡುವ ಸ್ಟೆಪ್ಪರ್ ಮೋಟಾರು 5 ಮಿ.ಮೀ. ಪಿಚ್ಚಿನ ಸ್ಕ್ರೂ ತಿರುಗಿಸಿದರೆ ಒಂದು ಹೆಜ್ಜೆ ಎಂದರೆ 0.025 ಮಿ.ಮೀ. ಮೈಯಲ್ಲಿ 0.2 ಮಿ.ಮೀ. ಸಡಿಲವಿದ್ದರೆ, ದಿಕ್ಕು ಬದಲಿಸಿದಾಗಲೆಲ್ಲ ಎಂಟು ಹೆಜ್ಜೆ ಗಾಳಿಗೆ ಹೋಯಿತು.

ಇಲ್ಲಿ ಎರಡು ದಾರಿಗಳಿವೆ. ಒಂದು ಸುಲಭದ್ದು: ಲಿನಕ್ಸ್‌ಸಿಎನ್‌ಸಿಯಂಥ ತಂತ್ರಾಂಶದಲ್ಲಿ ಬ್ಯಾಕ್‌ಲ್ಯಾಷ್ ಎಂದು ಒಂದು ಜಾಗವಿದೆ, ಅಲ್ಲಿ 0.2 ಎಂದು ಬರೆದರೆ ಆಯಿತು. ದಿಕ್ಕು ಬದಲಾದಾಗಲೆಲ್ಲ ಯಂತ್ರ ಅಷ್ಟು ಹೆಚ್ಚು ತಿರುಗಿ ಸರಿದೂಗಿಸುತ್ತದೆ. ಪರದೆಯ ಮೇಲಿನ ಅಂಕಿ ಸರಿಹೋಯಿತು. ಆದರೆ ಕಟ್ಟರ್ ಲೋಹ ಕಚ್ಚಿದಾಗ ಗುಟ್ಟು ಹೊರಬೀಳುತ್ತದೆ. ಕಟ್ಟರ್ ತಿರುಗುವ ದಿಕ್ಕಿಗೇ ಟೇಬಲ್ಲೂ ಸಾಗುವ ಕಡಿತದಲ್ಲಿ ಹಲ್ಲುಗಳು ತುಂಡನ್ನು ತಮ್ಮತ್ತ ಸೆಳೆದುಕೊಳ್ಳುತ್ತವೆ. ಸ್ಕ್ರೂ ಮತ್ತು ನಟ್ಟಿನ ನಡುವೆ ಎಷ್ಟು ಜಾಗವಿದೆಯೋ ಅಷ್ಟು ದೂರ ಟೇಬಲ್ ಜಿಗಿಯುತ್ತದೆ. ಸಣ್ಣ ಎಂಡ್‌ಮಿಲ್ ಆದರೆ ಅಲ್ಲೇ ಮುರಿಯಿತು. ಬರೆದ ಅಂಕಿಗೆ ಟೇಬಲ್ಲನ್ನು ಹಿಡಿದಿಡುವ ಕೈ ಇಲ್ಲ.

ಇನ್ನೊಂದು ದಾರಿಯಲ್ಲಿ ಕೈ ಕೊಳೆಯಾಗುತ್ತದೆ. ಟೇಬಲ್ ಬಿಚ್ಚಬೇಕು, ಹಳೇ ಗ್ರೀಸ್ ಒರೆಸಬೇಕು, ಬೇರಿಂಗ್ ಬಿಗಿ ನೋಡಬೇಕು, ಬಾಲ್‌ಸ್ಕ್ರೂ ಆದರೆ ಗುಂಡುಗಳನ್ನು ತೆಗೆದು ಕೆಲವೇ ಮೈಕ್ರಾನ್ ದಪ್ಪನೆಯವನ್ನು ಹಾಕಬೇಕು. ಟೇಬಲ್ ಅಲ್ಲಾಡದಂತೆ ಜಾರುದಾರಿಗೆ ಒತ್ತಿ ಹಿಡಿಯುವ ಪಟ್ಟಿ, ಅಂದರೆ ಗಿಬ್ ಬಿಗಿಯುವಾಗ ಇನ್ನಷ್ಟು ಎಚ್ಚರ ಬೇಕು: ನಡುವೆ ಹೆಚ್ಚು ಸವೆದ ಜಾರುದಾರಿಯಲ್ಲಿ ನಡುವಿಗೆ ಸರಿಹೋಗುವಂತೆ ಬಿಗಿದರೆ ತುದಿಗಳಲ್ಲಿ ಟೇಬಲ್ ಹಿಡಿದುಕೊಳ್ಳುತ್ತದೆ. ಆಗ ದೊಡ್ಡ ಮೋಟಾರು ಹಾಕಿ ಎಳೆಸಿಬಿಡೋಣ ಎನ್ನಿಸುವುದು ಸಹಜ. ಹಾಗೆ ಎಳೆಸಿದರೆ ಟೇಬಲ್ ಓಡುತ್ತದೆ, ತೊಂದರೆ ಕಣ್ಣಿಗೆ ಬೀಳದಂತಾಗುತ್ತದೆ, ಸವೆತ ಒಳಗೊಳಗೇ ಮುಂದುವರಿಯುತ್ತದೆ. ಮನುಷ್ಯರ ವಿಷಯದಲ್ಲೂ ನಾವು ಹೀಗೇ ನಡೆದುಕೊಳ್ಳುತ್ತೇವೆ. ಮನೆಯಲ್ಲಿ ಒಬ್ಬರ ನೋವನ್ನು ಕೇಳಿಸಿಕೊಳ್ಳುವ ಬದಲು ಅದಕ್ಕೆ ತಕ್ಕಂತೆ ನಮ್ಮ ಮಾತನ್ನು ಹೊಂದಿಸಿಕೊಂಡು ವರ್ಷಗಟ್ಟಲೆ ಸಾಗಿಸುತ್ತೇವೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಭಾರ ಬೀಳುವವರೆಗೆ.

ಅಂಕಿ ಬರೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ತೆಗೆಯಬಹುದಾದಷ್ಟನ್ನು ತೆಗೆದು, ಕೊನೆಗೆ ಉಳಿದ ಕೂದಲೆಳೆಯಷ್ಟಕ್ಕೆ ಅದನ್ನು ಬಳಸುವುದು ಪ್ರಾಮಾಣಿಕವಾದದ್ದೇ. ಸಾಧ್ಯವಾದರೆ ಆ ಅಂಕಿಯನ್ನೂ ಅಳೆದ ತಾರೀಖನ್ನೂ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿಡಿ. ನಾಳೆ ಈ ಯಂತ್ರ ಬೇರೊಬ್ಬರ ಪಾಲಾಗುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ಶಾಲೆಗೆಂದು ಮಾಡಿದ ಈ ಯಂತ್ರಗಳಲ್ಲಿ ಅನೇಕಕ್ಕೆ ಪಾರದರ್ಶಕ ಬಾಗಿಲೂ ಅದಕ್ಕೊಂದು ಸ್ವಿಚ್ಚೂ ಇರುತ್ತವೆ. ಬಾಗಿಲು ತೆಗೆದರೆ ಸ್ಪಿಂಡಲ್ ನಿಲ್ಲುತ್ತದೆ. ಯಾವುದೋ ಮಗುವಿನ ಬೆರಳನ್ನು ನೆನೆದು ಯಾರೋ ಇಟ್ಟ ಸ್ವಿಚ್ಚು ಅದು. ಹೊಸ ತಲೆ ಕೂರಿಸುವ ಅವಸರದಲ್ಲಿ ಹಲವರು ಮೊದಲು ಕತ್ತರಿಸಿ ಹಾಕುವುದು ಅದನ್ನೇ. ಅಪಾಯದ ಕೆಂಪು ಗುಂಡಿಯನ್ನೂ ಕಂಪ್ಯೂಟರಿಗೆ ಮಾತ್ರ ಜೋಡಿಸಿ ಸುಮ್ಮನಾಗುತ್ತಾರೆ. ಕಂಪ್ಯೂಟರು ಕಲ್ಲಾಗಿ ನಿಂತರೆ ಆ ಗುಂಡಿ ಯಾರಿಗೂ ಆಗದು. ಅದು ಮೋಟಾರುಗಳ ವಿದ್ಯುತ್ತನ್ನೇ ನೇರವಾಗಿ ಕಡಿಯಬೇಕು. ಬಾಗಿಲಿನ ಸ್ವಿಚ್ಚನ್ನೂ ಅದೇ ಸಾಲಿಗೆ ಸೇರಿಸಲು ಬೇಕಾದದ್ದು ಒಂದು ರಿಲೇ, ನಾಲ್ಕು ತುಂಡು ತಂತಿ, ಒಂದು ಸಂಜೆ.